ವಾರಕ್ಕೆರಡು ದಿನ

ಆಂಬೂರಿನ ಬೂಟು ಕಾರ್ಖಾನೆಗೆ ಬೀಗ ಬಿದ್ದ ಮೇಲೆ ತಮಿಳರಸಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮದುವೆಗೆ ಮುಂಚಿನಿಂದಲೂ ಅವಳು ಅಲ್ಲಿ ಮಾದರಿ ಕತ್ತರಿಸುವ ವಿಭಾಗದಲ್ಲಿದ್ದವಳು. ಜರ್ಮನಿಯ ಹೆಂಗಸರು ಚಳಿಗಾಲದಲ್ಲಿ ತೊಡುವ ಉದ್ದನೆಯ ಬೂಟುಗಳಿಗೆ ಕಾಗದದ ಮೇಲೆ ಮೊದಲ ಗೆರೆ ಎಳೆಯುತ್ತಿದ್ದದ್ದು ಅವಳೇ. ಈಗ ಆ ಕೈಗಳಿಗೆ ಮನೆಗೆಲಸ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ಬೆಳಿಗ್ಗೆ ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆದು ಜೋಡಿಸುವಳು. ಮಧ್ಯಾಹ್ನ ಜೋಡಣೆ ಸರಿಬರಲಿಲ್ಲವೆಂದು ಮತ್ತೆ ಇಳಿಸುವಳು. ಸಂಜೆ ತರಕಾರಿಯ ನೆವ ಮಾಡಿಕೊಂಡು ಮುಚ್ಚಿದ ಕಾರ್ಖಾನೆಯ ಗೇಟಿನವರೆಗೂ ನಡೆದುಹೋಗಿ ಬರಿಗೈಯಲ್ಲಿ ವಾಪಸು ಬರುವಳು.

"ಸ್ವಲ್ಪ ಕೂತ್ಕೊಳ್ಳೇ. ನೋಡಿ ನೋಡಿ ನನ್ನ ಕಾಲೇ ನೋಯ್ತಿದೆ" ಎನ್ನುವನು ಗಂಡ ದಯಾಳನ್. ಅವನು ಪಾರ್ಸಲ್ ಲಾರಿ ಆಫೀಸಿನಲ್ಲಿ ಗುಮಾಸ್ತ.

"ಕೂತ್ರೆ ತಲೆ ಓಡುತ್ತೆ. ಅದಕ್ಕಿಂತ ಕಾಲು ಓಡೋದೇ ವಾಸಿ."

ಚೆನ್ನೈ ದಾರಿಯಲ್ಲಿ ದೊಡ್ಡದೊಂದು ಬೂಟು ಕಂಪನಿ ಹೊಸದಾಗಿ ಶುರುವಾಗುತ್ತಿತ್ತು. ಕಾಯಂ ಕೆಲಸ. ಫೋನಿನಲ್ಲಿ ಒಂದು ಸುತ್ತು ಮಾತಾಡಿಸಿ, ನಾವೇ ಕರೆಯುತ್ತೇವೆ ಅಂದಿದ್ದರು. ಅಂದಿನಿಂದ ಅವಳು ಸ್ನಾನಕ್ಕೆ ಹೋದರೂ ಫೋನನ್ನು ಬಚ್ಚಲಿನ ಕಿಟಕಿಯಲ್ಲಿಟ್ಟುಕೊಂಡೇ ಹೋಗುತ್ತಿದ್ದಳು.

ಹೀಗಿರುವಾಗ ವೆಲ್ಲೂರಿನಾಚೆಯ ಒಂದು ಸಣ್ಣ ಮಿಷನ್ ಆಸ್ಪತ್ರೆಯಿಂದ ಸಂದರ್ಶನಕ್ಕೆ ಬುಲಾವು ಬಂತು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಹೋದವರಿಗೆ ಅಲ್ಲಿ ಚಪ್ಪಲಿ ಮಾಡಿಕೊಡುತ್ತಾರೆ. ಮಂಗಳವಾರ ಮತ್ತು ಶುಕ್ರವಾರ ಮಾತ್ರ ಕೆಲಸ, ಆರು ತಿಂಗಳ ಕರಾರು.

"ವಾರಕ್ಕೆರಡು ದಿನವಾ? ಮಿಕ್ಕ ದಿನ ನನ್ನ ತಲೆ ತಿಂತೀಯ ಅಂತಾಯ್ತು" ಅಂದ ದಯಾಳನ್. ಆದರೂ ಬೆಳಿಗ್ಗೆ ಅವನೇ ಬಸ್ಸು ಹತ್ತಿಸಿ, ಕಿಟಕಿಯಿಂದ ನೀರಿನ ಬಾಟಲಿ ಕೊಟ್ಟು ಹೋದ.

ಬಸ್ಸಿನುದ್ದಕ್ಕೂ ಅವಳಿಗೆ ಒಂದೇ ಕಸಿವಿಸಿ. ಕಾಯಂ ಕೆಲಸ ಹುಡುಕುತ್ತಿದ್ದೀರಾ ಎಂದು ಕೇಳಿಯೇ ಕೇಳುತ್ತಾರೆ. ಹೌದು ಅಂದರೆ ಕೈಬಿಡುತ್ತಾರೆ. ಇಲ್ಲ ಅಂದರೆ ಸುಳ್ಳು. ಪಳ್ಳಿಕೊಂಡ ದಾಟುವಷ್ಟರಲ್ಲಿ ಸುಳ್ಳನ್ನೇ ಹೇಳುವುದೆಂದು ತೀರ್ಮಾನಿಸಿದಳು. ಬಸ್ಸಿಳಿಯುವಾಗ ಅದೂ ಬೇಡವೆನಿಸಿತು.

ಕಾರ್ಯಾಗಾರದ ಮುಖ್ಯಸ್ಥ ಎಬಿನೇಸರ್, ತಲೆ ನರೆತ, ಕಡಿಮೆ ಮಾತಿನ ಮನುಷ್ಯ. ಅವಳ ಸರ್ಟಿಫಿಕೇಟುಗಳನ್ನು ತೆರೆದು ನೋಡದೆ ಪಕ್ಕಕ್ಕಿಟ್ಟರು.

"ಇದನ್ನ ಆಮೇಲೆ ಓದ್ತೀನಿ. ಮೊದ್ಲು ಒಂದು ಕಾಲು ನೋಡಿ."

ಬೆಂಚಿನ ಮೇಲೆ ಮುನಿರತ್ನಂ ಎಂಬ ಮುದುಕ ಕೂತಿದ್ದ. ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು. ಬಲಗಾಲಿನ ಹೆಬ್ಬೆರಳೂ ಅದರ ಪಕ್ಕದ್ದೂ ಇರಲಿಲ್ಲ. ಅವಳು ಎದುರಿಗೆ ಮಣೆ ಎಳೆದುಕೊಂಡು ಕೂತದ್ದೇ ಅವನು ಕಾಲು ಚಾಚಿದ.

"ಹೋದ ವಾರ ಒಬ್ಬ ಬಂದಿದ್ದ. ಅವನೂ ಇದೇ ಕಾಲು ಹಿಡ್ಕೊಂಡು ಪರೀಕ್ಷೆ ಬರೆದ. ಪಾಸಾದನೋ ಫೇಲಾದನೋ, ಈ ಕಾಲಿಗಂತೂ ಯಾರೂ ಹೇಳ್ಲಿಲ್ಲ."

"ನಾನು ಬಂದು ಹೇಳ್ತೀನಿ ತಾತ" ಅಂದಳು ತಮಿಳರಸಿ. ನಗು ಬಂತು. ಬಹಳ ದಿನದ ಮೇಲೆ ಕೈಯಲ್ಲಿ ಅಳತೆಯ ಟೇಪು ಇತ್ತು.

ಕಾಗದದ ಮೇಲೆ ಪಾದವಿಡಿಸಿ ಸುತ್ತ ಗೆರೆ ಎಳೆದಳು. ಮೆತ್ತನೆಯ ರಬ್ಬರಿನಲ್ಲಿ ಅಟ್ಟೆ ಕತ್ತರಿಸಿದಳು. ಬೆರಳಿಲ್ಲದ ಜಾಗಕ್ಕೆ ಮೆತ್ತೆ ತುಂಬಿದಳು, ಮೇಲೆ ಅಗಲವಾದ ಪಟ್ಟಿ ಕೂರಿಸಿದಳು. ಕೈ ಏನನ್ನೂ ಮರೆತಿರಲಿಲ್ಲ. ಚಪ್ಪಲಿ ತೊಡಿಸಿ ಪಟ್ಟಿಯನ್ನು ಬಿಗಿಮಾಡಿದಳು.

"ಎಲ್ಲಾದ್ರೂ ಒತ್ತುತ್ತಾ?"

"ಇಲ್ಲಮ್ಮ."

"ಇಲ್ಲಿ?"

"ಎಲ್ಲೂ ಇಲ್ಲ. ಹೂವಿನ ಮೇಲೆ ನಿಂತ ಹಾಗಿದೆ."

ಮುದುಕ ಪಡಸಾಲೆಯ ತುದಿಯವರೆಗೂ ನಡೆದುಹೋಗಿ, ಟಿಕೆಟ್ ಕೊಡುವವನ ಹಾಗೆ ಇಬ್ಬದಿಯವರನ್ನೂ ಮಾತಾಡಿಸುತ್ತ ತಿರುಗಿ ಬಂದ. ತಮಿಳರಸಿ ಎದ್ದುನಿಂತು ಸೆರಗು ಸರಿಮಾಡಿಕೊಂಡಳು. ಕೆಲಸ ಸಿಕ್ಕಿತೆಂದೇ ಅವಳ ಲೆಕ್ಕ.

ಎಬಿನೇಸರ್ ಬಗ್ಗಿ ಚಪ್ಪಲಿ ಬಿಚ್ಚಿದರು. ಕಿರುಬೆರಳಿನ ಬುಡದಲ್ಲಿ ಪಟ್ಟಿಯ ಅಂಚು ಒತ್ತಿ ಕೆಂಪು ಗೆರೆ ಮೂಡಿತ್ತು.

"ಸಂಜೆ ತನಕ ಹಾಕ್ಕೊಂಡಿದ್ರೆ ಇದು ಹುಣ್ಣಾಗ್ತಿತ್ತು" ಅಂದರು.

ಮುನಿರತ್ನಂ ತನ್ನ ಪಾದವನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿಕೊಂಡ. "ನಂಗೇನೂ ಗೊತ್ತೇ ಆಗ್ಲಿಲ್ಲ ಸಾರ್."

"ನಾನು ಕೇಳಿದೆನಲ್ಲ, ಒತ್ತುತ್ತಾ ಅಂತ" ಅಂದಳು ಅವಳು. ಬಾಯಿಂದ ಮಾತು ಬಿದ್ದ ಮೇಲೆ ಅದು ಎಂಥ ಮಾತೆಂದು ಹೊಳೆಯಿತು. ಮುಖವೆಲ್ಲ ಬಿಸಿಯಾಯಿತು.

"ಇಲ್ಲಿ ಬರೋರೆಲ್ಲ ಇಲ್ಲ ಅಂತಾನೇ ಹೇಳ್ತಾರಮ್ಮ. ಅದಕ್ಕೇ ತಾನೆ ಇಲ್ಲಿಗೆ ಬರೋದು" ಅಂದರು ಎಬಿನೇಸರ್.

ಅಷ್ಟು ವರ್ಷ ಅವಳು ಮಾಡಿದ ಕೆಲಸವೆಲ್ಲ ಆ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಎಲ್ಲಿ ಒತ್ತುತ್ತದೆಂದು ತೊಟ್ಟವರು ಹೇಳಬೇಕು, ಅಲ್ಲಿ ಅವಳು ಸಡಿಲಿಸಬೇಕು. ಹೇಳಲಾರದ ಪಾದವೊಂದಿರಬಹುದೆಂದು ಅವಳು ಯೋಚಿಸಿಯೇ ಇರಲಿಲ್ಲ. ಚೀಲ ತೆಗೆದುಕೊಂಡು ಬಾಗಿಲವರೆಗೆ ಹೋದಳು. ಇನ್ನು ಅವರು ಉಳಿಸಿಕೊಳ್ಳುವುದಿಲ್ಲ, ಮುಂದಿನ ಬಸ್ಸು ಹಿಡಿದರೆ ಊಟದ ಹೊತ್ತಿಗೆ ಮನೆಯಲ್ಲಿರಬಹುದು. ಆದರೆ ಆ ಕೆಂಪು ಗೆರೆಯನ್ನು ಹಾಗೇ ಬಿಟ್ಟು ಹೋಗಲು ಕಾಲು ಬರಲಿಲ್ಲ. ಹಿಂದಕ್ಕೆ ಬಂದು ಮತ್ತೆ ಮಣೆಯ ಮೇಲೆ ಕೂತಳು.

"ಅದನ್ನ ಬಿಚ್ಚಿ ಇನ್ನೊಂದು ಸಲ ಮಾಡ್ಲಾ ಸಾರ್? ಕೆಲಸ ಸಿಗ್ಲಿ ಅಂತಲ್ಲ. ತಾತ ಇದನ್ನೇ ಹಾಕ್ಕೊಂಡು ಹೋಗ್ಬಿಟ್ರೆ ಅಂತ."

"ನನಗೇನು ಅವಸರ? ಮನೆಗೆ ಹೋದ್ರೆ ಸೊಸೆ ರಾಗಿ ಗಂಜಿ ಕೊಡ್ತಾಳೆ, ಅಷ್ಟೇ" ಅಂದ ಮುನಿರತ್ನಂ.

ಎಬಿನೇಸರ್ ಅವಳ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತರು. "ಅಂಗೈ ಅಲ್ಲ, ಕೈಯ ಹಿಂಬದಿ ಇಟ್ಟು ನೋಡಿ. ಎಲ್ಲಿ ಬಿಸಿ ಇದೆಯೋ ಅಲ್ಲಿ ಭಾರ ಬೀಳ್ತಿದೆ ಅಂತ."

ಅವಳು ಕೈಯ ಹಿಂಬದಿಯನ್ನು ಮೆಲ್ಲಗೆ ಆಡಿಸಿದಳು. ಅಂಗಾಲಿನ ಒಂದು ಕಡೆ ಒಲೆಯ ಪಕ್ಕದ ಗೋಡೆಯಷ್ಟು ಬೆಚ್ಚಗಿತ್ತು. ಅಲ್ಲಿ ಅಟ್ಟೆಯನ್ನು ಕೆರೆದು ತಗ್ಗು ಮಾಡಿದಳು, ಪಟ್ಟಿಯನ್ನು ಹಿಂದಕ್ಕೆ ಸರಿಸಿ ಹೊಲಿದಳು. ಈ ಸಲ ಮುದುಕನನ್ನು ಏನೂ ಕೇಳಲಿಲ್ಲ. ನಡೆಸಿದಳು, ಬಿಚ್ಚಿದಳು, ಮುಟ್ಟಿ ನೋಡಿದಳು, ಮತ್ತೆ ನಡೆಸಿದಳು.

ಅದಾದ ಮೇಲೆ ಎಬಿನೇಸರ್ ಮೇಜಿನ ಮುಂದೆ ಕೂರಿಸಿ ಟೀ ತರಿಸಿದರು.

"ಬಂದಾಗಿನಿಂದ ಫೋನ್ ನೋಡ್ತಾನೇ ಇದ್ದೀರಿ. ಯಾರದು?"

ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. "ಚೆನ್ನೈ ಕಡೆ ಕಾಯಂ ಕೆಲಸಕ್ಕೆ ಹಾಕಿದ್ದೀನಿ. ಅವರು ಕರೀಬಹುದು."

"ಕರೆದ್ರೆ?"

"ಹೋಗ್ತೀನಿ ಸಾರ್."

ಅವರು ಟೀ ಮುಗಿಸಿ ಲೋಟವನ್ನು ಕೆಳಗಿಟ್ಟರು. "ನಿಮಗಿಂತ ಮುಂಚೆ ಇದ್ದ ಇಬ್ರೂ ಹೋಗಲ್ಲ ಅಂತ ಆಣೆ ಇಟ್ಟು ಹೋದರು. ಅವರು ಅಳತೆ ತೆಗೆದಿಟ್ಟ ಕಾಲುಗಳು ಇನ್ನೂ ಕಾಯ್ತಿವೆ. ನೀವು ಹೋಗೋದಾದ್ರೆ ಹಿಡಿದ ಕಾಲು ಮುಗಿಸಿ ಹೋಗಿ. ಈ ಕೆಲಸಕ್ಕೆ ಇನ್ನೂ ಇಬ್ಬರನ್ನ ನೋಡೋದಿದೆ. ತಿಳಿಸ್ತೀನಿ."

ಮನೆಗೆ ಬಂದ ಮೇಲೂ ಅವಳ ಓಡಾಟ ನಿಲ್ಲಲಿಲ್ಲ. ನಿಜ ಹೇಳಿದ್ದು ತಪ್ಪಾಯಿತೇನೋ ಎಂದು ಒಮ್ಮೆ, ಆ ಪಟ್ಟಿಯನ್ನು ಇನ್ನೂ ಒಂದೆಳೆ ಹಿಂದಕ್ಕೆ ಸರಿಸಬೇಕಿತ್ತು ಎಂದು ಇನ್ನೊಮ್ಮೆ. ದಯಾಳನ್ ಊಟಕ್ಕೆ ಕೂತರೆ ಅವಳು ಅವನ ಪಾದಕ್ಕೆ ಕೈಯ ಹಿಂಬದಿ ಇಟ್ಟು ನೋಡುವಳು. "ಕಚಗುಳಿ ಆಗುತ್ತೆ, ಬಿಡೇ" ಎಂದು ಅವನು ಕಾಲು ಎಳೆದುಕೊಳ್ಳುವನು.

ಶನಿವಾರ ಎಬಿನೇಸರ್ ಫೋನು ಮಾಡಿ ಮಂಗಳವಾರದಿಂದ ಬನ್ನಿ ಅಂದರು. ಅದೇ ಸಂಜೆ ಚೆನ್ನೈ ಕಂಪನಿಯ ಹುಡುಗಿಯೊಬ್ಬಳು ಕರೆದು, ಮಂಗಳವಾರ ಬೆಳಿಗ್ಗೆಯೇ ಸಂದರ್ಶನಕ್ಕೆ ಬರಬೇಕು ಅಂದಳು. ಬೇರೆ ದಿನ ಆಗುತ್ತದೆಯೇ ಎಂದು ಕೇಳಿದ್ದಕ್ಕೆ, "ಸಾಧ್ಯವಿಲ್ಲ ಮೇಡಂ" ಎಂದು ಫೋನು ಇಟ್ಟುಬಿಟ್ಟಳು.

ತಮಿಳರಸಿ ಫೋನು ಹಿಡಿದುಕೊಂಡು ಅಂಗಳಕ್ಕೂ ಅಡುಗೆಮನೆಗೂ ತಿರುಗಿದಳು. ಕೊನೆಗೆ ನಾಚಿಕೆ ಬಿಟ್ಟು ಎಬಿನೇಸರ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಆ ಕಡೆಯಿಂದ ನಗು ಕೇಳಿತು.

"ಸೇರೋಕೆ ಮುಂಚೇನೇ ರಜಾ ಕೇಳಿದವರನ್ನ ನಾನು ನೋಡಿರ್ಲಿಲ್ಲ. ಹೋಗ್ಬನ್ನಿ. ಶುಕ್ರವಾರ ಮಾತ್ರ ತಪ್ಪಿಸಬೇಡಿ."

ಚೆನ್ನೈಯಲ್ಲಿ ತಣ್ಣನೆಯ ಕೋಣೆಯೊಂದರಲ್ಲಿ ಅವಳ ಅರ್ಧ ವಯಸ್ಸಿನವರ ನಡುವೆ ಕಾಯಿಸಿದರು. ಕಂಪ್ಯೂಟರಿನಲ್ಲಿ ಮಾದರಿ ಬರೆಯಲು ಬರುತ್ತದೆಯೇ ಎಂದು ಕೇಳಿದರು. ಕಲಿಯುತ್ತೇನೆ ಅಂದಳು. ತಿಳಿಸುತ್ತೇವೆ ಅಂದರು. ಗುರುವಾರ ತಿಳಿಸಿಯೂಬಿಟ್ಟರು, ಸದ್ಯಕ್ಕೆ ಬೇಡವೆಂದು.

ಅಂದು ಅವಳು ಅತ್ತಳು, ಸ್ವಲ್ಪ ಹೊತ್ತು. ಶುಕ್ರವಾರ ವೆಲ್ಲೂರಿಗೆ ಹೋಗಿ ಸಂಜೆಯವರೆಗೂ ನಾಲ್ಕಾರು ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ಮನೆಗೆ ಬಂದಾಗ ದಯಾಳನ್ ಅನ್ನಕ್ಕಿಟ್ಟಿದ್ದ.

"ಮುಂದೇನು ಮಾಡ್ತೀಯ?"

"ಹೊಸೂರಲ್ಲಿ ಒಂದು ಕಂಪನಿಯಿದೆ. ಇಂಟರ್ವ್ಯೂಗೆ ಯಾವತ್ತು ಬರ್ತೀರಿ ಅಂತ ಕೇಳಿದ್ರು" ಅಂದಳು ಅವಳು, ಕಾಲು ತೊಳೆಯುತ್ತ. "ಮಂಗಳವಾರ, ಶುಕ್ರವಾರ ಬಿಟ್ಟು ಯಾವತ್ತಾದ್ರೂ ಸರಿ ಅಂದೆ."