ಸಾವಂತ್ರವ್ವನ ಡೈವಿಂಗ್ ಮಾಸ್ಕ್

ಸಾವಂತ್ರವ್ವ ನಡೆದರೆ ರಸ್ತೆಯೇ ಸರಿದು ದಾರಿ ಬಿಡಬೇಕು ಅನ್ನುವಂಥ ನಡಿಗೆ: ಎಡಗೈ ಬೆನ್ನ ಹಿಂದೆ, ಗದ್ದ ಮುಂದೆ, ಹೆಜ್ಜೆ ಅಗಲ. ಪುಣೆಯ ಖಡಕಿಯ ನಮ್ಮ ವಠಾರದಿಂದ ಈಜುಕೊಳಕ್ಕೆ ಹೊರಡುವಾಗ ಈಜುಡುಗೆಯ ಮೇಲೆ ದಿವಂಗತ ಪತಿಯ ಖಾಕಿ ಕೋಟು ತೊಟ್ಟು, ನಿರ್ವಿಕಾರವಾಗಿ ಪೇಟೆ ದಾಟುತ್ತಿದ್ದ ಆ ಅರವತ್ತು ಮೀರಿದ ಹೆಂಗಸನ್ನು ಕಂಡು ನಕ್ಕವರುಂಟು. ಆಕೆ ತಿರುಗಿ ನೋಡಿದ ಮೇಲೂ ನಕ್ಕವರಿಲ್ಲ.

ಟೈಪಿಸ್ಟ್ ಕೆಲಸದಿಂದ ನಿವೃತ್ತಳಾದ ಮೇಲೆ ಈಜು ಕಲಿತು, ಅದು ಸಾಲದೆ ಬೆನ್ನಿಗೆ ಗಾಳಿಯ ಸಿಲಿಂಡರ್ ಬಿಗಿದುಕೊಂಡು ಕೊಂಕಣ ಕರಾವಳಿಯ ಮಾಲವಣದ ಸಮುದ್ರಗರ್ಭವನ್ನು ನೋಡಿಬಂದವಳು ಆಕೆ. ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಾಗ ಮಗ ನಿತಿನ ಆ ಸಾಮಾನನ್ನೆಲ್ಲ ಗಂಟು ಕಟ್ಟಿ ಅಟ್ಟಕ್ಕೇರಿಸಿದ. ಕೋಲಿಲ್ಲದೆ ನಡೆಯುವಂತಾದಾಗ ಆಕೆ ಗಂಟು ಇಳಿಸಿ ಬಿಚ್ಚಿದಳು. ಮೇಲಿನ ನೀರಿನ ಟಾಕಿ ಸೋರಿ, ಬೋರಿನ ಗಡಸು ನೀರು ಹನಿದು ಆರಿ, ಮಾಸ್ಕಿನ ಗಾಜಿನ ಮೇಲೆ ಸುಣ್ಣದಂಥ ಬಿಳಿ ಪೊರೆ ಕಟ್ಟಿತ್ತು.

“ಒಗದ ಬಿಡವ್ವಾ. ಇನ್ನೇನ ಮಾಡ್ತಿ ಅದನ್ನ?” ಎಂದ ನಿತಿನ. ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆಯೇ ಹೆಚ್ಚು. ಅಂದು ಬಚ್ಚಲಿನಿಂದ ತಾಯಿಯನ್ನು ಎತ್ತಿ ತಂದವನು ಅವನೇ.

“ಹೊಲಸಾಗಿದ್ದು ಗಾಜು. ನನ್ನ ಯಾಕ ಅಟ್ಟಕ್ಕ ಇಡ್ತಿ?”

ಸೊಸೆ ಶೀತಲ್ ಬಚ್ಚಲು ತೊಳೆಯುವ ಆ್ಯಸಿಡ್ ತಂದಳು. ಸಾವಂತ್ರವ್ವ ಬೇಡವೆಂದಳು, ಮುಖಕ್ಕೆ ಕೂರುವ ಮೆತ್ತನೆಯ ರಬ್ಬರು ಸುಟ್ಟರೆ ನೀರು ಒಳನುಗ್ಗುತ್ತದೆ. ಬಾಲ್ಯದ ಪೆಟ್ಟಿನಿಂದ ಒಳಕ್ಕೆ ಕುಸಿದ ಕೆನ್ನೆ ಆಕೆಯದು. ಅಂಗಡಿಯ ಮಾಸ್ಕುಗಳೆಲ್ಲ ಸೋರಿದ್ದವು, ಆ ಕೆನ್ನೆಗೆ ಒಪ್ಪಿದ್ದು ಇದೊಂದೇ.

ಬೆಚ್ಚನೆಯ ನೀರಿಗೆ ವಿನೆಗರ್ ಬೆರೆಸಿ ಮುಳುಗಿಸಿಟ್ಟಳು. ಪೊರೆ ಜಗ್ಗಲಿಲ್ಲ. ವಿನೆಗರಿನಲ್ಲಿ ಅದ್ದಿದ ಬಟ್ಟೆಯನ್ನು ಗಾಜಿಗೆ ಹೊದಿಸಿ ಕಾದಳು. ಹಲ್ಲುಜ್ಜುವ ಮೆತ್ತನೆಯ ಬ್ರಶ್ಶಿನಿಂದ ತಿಕ್ಕಿದಳು. ತೊಳೆದು, ಬಿಸಿಲಿಗೆ ಹಿಡಿದು, ಬೈದು, ಮತ್ತೆ ಮುಳುಗಿಸಿದಳು. ನೆರೆಮನೆಯಿಂದ ಬಂದು ಬ್ಲೇಡಿನಿಂದ ಕೆರೆಯಹೋದ ನನ್ನ ಕೈಗೆ ಪಟ್ಟನೆ ಹೊಡೆದು, “ಗೀರು ಬಿತ್ತಂದ್ರ ಹೋಗಂಗಿಲ್ರೀ. ಸುಣ್ಣ ಹೋಗ್ತದ,” ಎಂದಳು. ವಾರವಿಡೀ ಅಡುಗೆಮನೆ ಹುಳಿ ನಾರಿತು. ಕಡೆಗೆ ಅಂಚಿನ ಸಂದಿಯಲ್ಲಿದ್ದ ಪೊರೆಯೂ ಹತ್ತಿ ಸುತ್ತಿದ ಕಡ್ಡಿಗೆ ಹಿಟ್ಟಾಗಿ ಅಂಟಿ ಬಂತು.

ಮಾಸ್ಕ್ ಹಿಡಿದು ಕೊಳಕ್ಕೆ ಹೋದವಳನ್ನು ಅಲ್ಲಿನ ತರಬೇತುದಾರ ಸ್ವಪ್ನಿಲ್ ತಡೆದ. ಡಾಕ್ಟರು ಒಪ್ಪಿದ್ದಾರೆಂದರೂ, “ಆಜಿ, ಆತಾ ನಕೋ,” ಅಜ್ಜಿ, ಈಗ ಬೇಡ, ಎಂದು ಕೈಮುಗಿದ. ಮೊದಲು ನೀರಿನಲ್ಲಿ ನೋಡು, ಆಮೇಲೆ ಹೇಳು ಎಂದು ಮರಾಠಿಯಲ್ಲೇ ಉತ್ತರಿಸಿದ ಸಾವಂತ್ರವ್ವ ಸಿಲಿಂಡರ್ ಬಿಗಿದುಕೊಂಡು ಅವನೊಡನೆ ತಳಕ್ಕಿಳಿದು, ಡೈವಿಂಗ್ ಪರೀಕ್ಷೆಯಲ್ಲಿ ಮಾಡುವಂತೆ ಬೇಕೆಂದೇ ಮಾಸ್ಕಿನೊಳಗೆ ನೀರು ತುಂಬಿಸಿಕೊಂಡಳು. ದಂಡೆಯಲ್ಲಿ ನನ್ನ ಪಕ್ಕ ನಿತಿನ ಕಟಕಟೆ ಹಿಡಿದು ನಿಂತಿದ್ದ. ಕೆಳಗೆ ಆಕೆ ಮಾಸ್ಕಿನ ಮೇಲಂಚನ್ನು ಅಂಗೈಯಿಂದ ಒತ್ತಿ, ಮೂಗಿನಿಂದ ಉಸಿರು ಬಿಟ್ಟು, ನೀರನ್ನೆಲ್ಲ ಹೊರಗಟ್ಟಿದಳು. ಕೊಳವನ್ನು ಉದ್ದಕ್ಕೂ ಈಜಿ ಮೇಲೆದ್ದು, ಮಾಸ್ಕಿನೊಳಗಿಂದಲೇ ಮಗನನ್ನು ದಿಟ್ಟಿಸಿದಳು.

“ಗಡ್ಡಾ ಬೋಳ್ಸಿಲ್ಲಲ್ಲೋ, ನಿತಿನಾ!”

ಅವನು ಗದ್ದ ಮುಟ್ಟಿಕೊಂಡ. ಸ್ವಪ್ನಿಲ್ ನಕ್ಕು ಕೈ ಚಾಚಿದ. ಆಕೆ ಆ ಕೈ ಹಿಡಿಯದೆ ಮೆಟ್ಟಿಲು ಹತ್ತಿದಳು. ಆ ಚಳಿಗಾಲ ಸ್ವಾರಗೇಟಿನ ಬಸ್ ನಿಲ್ದಾಣದಲ್ಲಿ ಮಾಲವಣದ ಬಸ್ಸಿಗೆ ಆಕೆಯ ಚೀಲ ಹೊತ್ತು ಹತ್ತಿಸಿದವನು ನಿತಿನನೇ.

ಇಂಥವರನ್ನು ನಾವು ಹಟಮಾರಿಗಳೆಂದು ಕರೆದು ಸುಮ್ಮನಾಗುತ್ತೇವೆ. ಆದರೆ ವೃದ್ಧಾಪ್ಯದಲ್ಲಿ ವಾತ್ಸಲ್ಯವೇ ಮೆಲ್ಲಗೆ ಮುಚ್ಚುವ ಬಾಗಿಲುಗಳು ಅನೇಕ. ಮುಚ್ಚುವ ಕೈ ತಮ್ಮ ಮಕ್ಕಳದ್ದೇ ಆದ್ದರಿಂದ ಬಹುತೇಕರು ಕೃತಜ್ಞತೆಯಿಂದ ಒಳಗೇ ಕುಳಿತುಬಿಡುತ್ತಾರೆ. ಸಾವಂತ್ರವ್ವನಂಥವರು ಆ ವಾತ್ಸಲ್ಯವನ್ನು ಪೂರ್ತಿಯಾಗಿ ಸ್ವೀಕರಿಸಿ, ಬಾಗಿಲನ್ನು ಮಾತ್ರ ತಾವೇ ತೆರೆದುಕೊಂಡು ಹೊರಟುಬಿಡುತ್ತಾರೆ.