ಟೇಲರಮ್ಮ ಬದಲಿಸಿದ ತಲೆ

ಆ ಬೀದಿಯಲ್ಲಿ ಹರಿದ ಬಟ್ಟೆಗೂ ಮುರಿದ ಗೊಂಬೆಗೂ ಒಂದೇ ಬಾಗಿಲು. ಟೇಲರಮ್ಮನ ಅಂಗಡಿಯ ಮುಂದೆ ಹೊಲಿಗೆ ಮಷೀನು, ಹಿಂದಿನ ಕೋಣೆಯಲ್ಲಿ ಗಾಜಿನ ಬೀರು. ಬೀರುವಿನಲ್ಲಿ ಕೀಲಿ ಕೊಟ್ಟರೆ ಡೋಲು ಬಡಿಯುವ ತಗಡಿನ ಕರಡಿ, ಬಣ್ಣ ಹೋದ ಮರದ ಕುದುರೆ, ಮೂರೇ ಗಾಲಿ ಉಳಿದ ಮೋಟಾರು, ಮತ್ತೆ ಸಾಲಾಗಿ ಕೂತ ನಲವತ್ತೊಂದು ಗೊಂಬೆ. ಎಲ್ಲವೂ ಅವಳಿಗಿಂತ ವಯಸ್ಸಾದವು. ಮೂವತ್ತು ವರ್ಷ ಗುಜರಿ ಅಂಗಡಿ, ಮನೆ ಖಾಲಿ ಮಾಡುವವರ ಬಾಗಿಲು, ಸತ್ತವರ ಪೆಟ್ಟಿಗೆ ಅಂತ ಅಲೆದು ಕೂಡಿಸಿದ್ದು.

"ನಿಮ್ಮ ಸಂಸಾರ ದೊಡ್ಡದು ಅತ್ತಿಗೆ," ಅಂತ ನಾದಿನಿ ಚುಚ್ಚುತ್ತಿದ್ದಳು. "ಪುಣ್ಯಕ್ಕೆ ಒಂದೂ ಬಾಯಿ ಬಿಟ್ಟು ಊಟ ಕೇಳಲ್ಲ."

ಒಂದು ಮಧ್ಯಾಹ್ನ ಮೂರನೇ ಬೀದಿಯ ನರ್ಸಮ್ಮ ದಿಂಬಿನ ಕವರಿನಲ್ಲಿ ಏನನ್ನೋ ಸುತ್ತಿಕೊಂಡು ಬಂದಳು.

"ಅಕ್ಕಾ, ನಮ್ಮಮ್ಮನ ಗೊಂಬೆ. ಒಳಗಿನ ಎಲಾಸ್ಟಿಕ್ ತುಂಡಾಗಿ ಕೈಕಾಲೆಲ್ಲ ಉದುರಿಬಿಟ್ಟಿದೆ. ಎಂಬತ್ತನಾಲ್ಕು ವರ್ಷ ಅಮ್ಮನಿಗೆ. ಚಿಕ್ಕವರಿದ್ದಾಗಿಂದ ಜೊತೆಗಿದೆ, ಪಕ್ಕದಲ್ಲಿ ಇಲ್ಲದಿದ್ರೆ ನಿದ್ದೆ ಬರಲ್ಲ. ಅಮ್ಮನ ಕಣ್ಣು ಹೋದ ಹಾಗೇ ಲೆಕ್ಕ, ಆದರೂ ಅದನ್ನ ಸವರ್ತಾ ಇರ್ತಾರೆ."

"ಬಿಟ್ಟು ಹೋಗಿ. ಶುಕ್ರವಾರ ಬನ್ನಿ."

ಇಂಥ ಗೊಂಬೆಗಳ ಹೊಟ್ಟೆ ಟೊಳ್ಳು. ಕೈ, ಕಾಲು, ಕತ್ತು ಎಲ್ಲ ಒಳಗಿನ ಎಲಾಸ್ಟಿಕ್ಕಿಗೆ ಕೊಕ್ಕೆ ಹಾಕಿಕೊಂಡಿರುತ್ತವೆ. ರಿಪೇರಿಗೆ ಮೊದಲು ತಲೆ ತೆಗೆಯಬೇಕು. ಟೇಲರಮ್ಮ ಪಿಂಗಾಣಿಯ ತಲೆ ತೆಗೆದಳು, ಅಂಟು ಬಿಟ್ಟಿದ್ದ ಕೂದಲನ್ನು ಮೆಲ್ಲಗೆ ಎತ್ತಿದಳು. ಹಿಂಗತ್ತಿನಲ್ಲಿ ಕಡಲೆಕಾಳಿನಷ್ಟು ನಕ್ಷತ್ರ, ಅದರ ಕೆಳಗೆ ಎರಡಂಕಿಯ ಅಚ್ಚು. ಅವಳು ಅದನ್ನು ಬೆಳಕಿಗೆ ಹಿಡಿದು ಮತ್ತೆ ಓದಿದಳು. ಇಪ್ಪತ್ತು ವರ್ಷದಿಂದ ಅವಳು ಹುಡುಕುತ್ತಿದ್ದದ್ದು ಇದೇ ಅಚ್ಚಿನ ತಲೆ. ಬೀರುವಿನಲ್ಲಿ ಇದೇ ಅಳತೆಯ ಮೈಯೊಂದಿತ್ತು, ಪಾಪ, ಯಾರೋ ಅದಕ್ಕೆ ಆಮೇಲಿನ ಕಾಲದ ಅಗ್ಗದ ತಲೆಯೊಂದನ್ನು ಸಿಕ್ಕಿಸಿದ್ದರು.

ಆಸೆಗೆ ನೆಪ ಬೇಗ ಸಿಗುತ್ತದೆ. ಆ ಮನೆಯಲ್ಲಿದ್ದರೆ ಇವತ್ತಲ್ಲ ನಾಳೆ ಮಂಚದಿಂದ ಬಿದ್ದು ಚೂರಾಗುತ್ತದೆ ಅಂದುಕೊಂಡಳು. ನಾನು ಕದಿಯುತ್ತಿಲ್ಲ, ಕಾಪಾಡುತ್ತಿದ್ದೇನೆ ಅಂದುಕೊಂಡಳು. ಕೊನೆಗೆ, ಕಾಣದ ಕಣ್ಣಿಗೆ ಯಾವ ಮುಖವಾದರೇನು ಅಂತಲೂ ಅಂದುಕೊಂಡಳು. ಒಂದು ತೋಳು ಕೂಡಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ನಕ್ಷತ್ರದ ತಲೆ ಬೀರುವಿನ ಮೈಗೆ ಹೋಯಿತು, ಅಲ್ಲಿದ್ದ ಅಗ್ಗದ ತಲೆ ಇದಕ್ಕೆ ಬಂತು. ಅಗ್ಗದ ತಲೆಗೆ ಅಜ್ಜಿಯ ಗೊಂಬೆಯ ಕೂದಲನ್ನೇ ಅಂಟಿಸಿ, ಹಳೆಯ ಫ್ರಾಕು ತೊಡಿಸಿ, ಶುಕ್ರವಾರ ನರ್ಸಮ್ಮನ ಕೈಗಿಟ್ಟಳು.

"ನಿಮ್ಮ ಕೈಗೆ ಚಿನ್ನದ ಬಳೆ ತೊಡಿಸಬೇಕು ಅಕ್ಕಾ," ಅಂದಳು ನರ್ಸಮ್ಮ. ಟೇಲರಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಅಷ್ಟು ವರ್ಷ ಬಯಸಿದ್ದು ಸಿಕ್ಕಿದ ಮೇಲೆ ಕುಣಿದಾಡಬೇಕಿತ್ತು. ಆದರೆ ಆ ಗೊಂಬೆಯನ್ನು ಅವಳು ಮುಂದಿನ ಸಾಲಿಗೆ ತರಲಿಲ್ಲ. ತನ್ನ ಹಾಗೆ ಹಳೆಯ ಆಟಿಕೆ ಕೂಡಿಡುವ ಒಬ್ಬರನ್ನೂ ಕರೆದು ತೋರಿಸಲಿಲ್ಲ. ಕದ್ದ ಒಡವೆ ಹಾಕಿಕೊಂಡು ಹೊಸ್ತಿಲು ದಾಟಲಾರದವಳ ಪಾಡಾಯಿತು. ನಾದಿನಿ ಬೀರು ಒರೆಸುತ್ತ "ಇದೇನು ಅತ್ತಿಗೆ, ಇವಳು ಬೋಳಿ?" ಅಂದದ್ದಕ್ಕೆ, "ನಿನಗ್ಯಾಕೆ ಊರ ಉಸಾಬರಿ!" ಅಂತ ಹರಿಹಾಯ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವುದು ಹೀಗೇ.

ಎಂಟು ದಿನಕ್ಕೆ ನರ್ಸಮ್ಮ ಕೆಲಸದ ಬಟ್ಟೆ ಸರಿ ಮಾಡಿಸಿಕೊಳ್ಳಲು ಬಂದಳು. ಟೇಲರಮ್ಮ ತುಟಿಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಅವಳ ಸೊಂಟದ ಸುತ್ತ ಬಾಗಿದಳು.

"ಸ್ವಲ್ಪ ಸಡಿಲ ಮಾಡಿ ಅಕ್ಕಾ. ಚಿಂತೆಗೆ ಬೇರೆಯವರು ಸೊರಗ್ತಾರೆ, ನಾನು ಊದ್ತೀನಿ."

"ಹೂಂ?"

"ಅಮ್ಮನಿಗೆ ಅರಳು ಮರಳು ಶುರುವಾಯ್ತು. ಗೊಂಬೆ ಕೈಗೆ ಕೊಟ್ರೆ, ಮಲಗಿಸಿದ್ರು, ಎತ್ತಿದ್ರು, ಮತ್ತೆ ಮಲಗಿಸಿದ್ರು. 'ಇವಳು ನನ್ನವಳಲ್ಲ. ಯಾರ ಮಗುವೋ, ಅವರಿಗೆ ಕೊಟ್ಬಿಡು' ಅಂದ್ರು. ಅದೇ ಫ್ರಾಕು, ಅದೇ ಕೂದಲು! ಎಷ್ಟು ಹೇಳಿದ್ರೂ ಕೇಳಲ್ಲ. ದಿನಾ ಏನೇನು ಮಾತಾಡ್ತಾರೆ ಬರೆದಿಡಿ ಅಂದಿದಾರೆ ಡಾಕ್ಟರು. ಅಣ್ಣನಂತೂ ಒಲೆ ಹತ್ತಿರ ಬಿಡಬೇಡ, ನೀನು ಹೊರಗೆ ಹೋಗುವಾಗ ಬೀಗ ಹಾಕು ಅಂತಾನೆ. ಬುಧವಾರ ಬರ್ತಾನೆ, ವೃದ್ಧಾಶ್ರಮದ ಅರ್ಜಿ ತಗೊಂಡು."

ಟೇಲರಮ್ಮನ ಬೆರಳಿಗೆ ಸೂಜಿ ಚುಚ್ಚಿತು.

"ಮೊದಲು ಜಗಳ ಆಡ್ತಿದ್ರು ಅಕ್ಕಾ, ಅದೇ ಚೆನ್ನಾಗಿತ್ತು. ನಿನ್ನೆ ನನ್ನ ಕೈ ಹಿಡ್ಕೊಂಡು, 'ನೀನೇ ಸರಿ ಇರಬೇಕು ಮಗಳೇ, ನನಗೇ ಏನೋ ಆಗಿದೆ' ಅಂದ್ರು."

ಹೇಳಬೇಕಾದದ್ದು ಆಗಲೇ ಹೇಳಬಹುದಿತ್ತು. ಬಾಯಲ್ಲಿ ಸೂಜಿ ಇತ್ತು, ಅದೇ ನೆಪವಾಯಿತು. ಸೂಜಿ ತೆಗೆದ ಮೇಲೆ ಬಂದದ್ದು ಇನ್ನೊಂದು ಸುಳ್ಳು. "ಎಲಾಸ್ಟಿಕ್ ಬಿಗಿ ಜಾಸ್ತಿ ಆಗಿರಬೇಕು. ಕಳಿಸಿ, ಸಡಿಲ ಮಾಡಿ ನಾನೇ ತಂದುಕೊಡ್ತೀನಿ."

ಗೊಂಬೆ ಬಂತು. ತಲೆಗಳನ್ನು ಮತ್ತೆ ಅದಲುಬದಲು ಮಾಡಿ, ಕೂದಲನ್ನು ಹಳೆಯ ತಲೆಗೇ ಅಂಟಿಸಿದಳು. ಗಪ್‌ಚುಪ್ಪಾಗಿ ಮುಗಿದರೆ ಸಾಕು ಅಂತ ಅಜ್ಜಿಯ ಗೊಂಬೆಯನ್ನು ಮೇಜಿನ ಮೇಲೆ ಮಲಗಿಸಿದಾಗ, ಅದರ ಬಲಗಣ್ಣು ಟಕ್ಕೆಂದು ಮುಚ್ಚಿತು. ಒಂದು ಉಸಿರಿನ ಆಮೇಲೆ ಎಡಗಣ್ಣು ಟಕ್ಕೆಂದಿತು. ಅಗ್ಗದ ತಲೆಯ ತನ್ನ ಗೊಂಬೆಯನ್ನೂ ಮಲಗಿಸಿದಳು. ಎರಡೂ ಕಣ್ಣು ಒಟ್ಟಿಗೆ, ಒಂದೇ ಸಲ ಟಕ್. ಮೂವತ್ತು ವರ್ಷ ಗೊಂಬೆಗಳನ್ನು ತಿರುಗಿಸಿ ಮುರುಗಿಸಿ ನೋಡಿದ್ದಳು, ಅಚ್ಚು ಓದಿದ್ದಳು, ಬಿರುಕು ಎಣಿಸಿದ್ದಳು. ಒಂದನ್ನಾದರೂ ಮಲಗಿಸಿ ಕಿವಿಗೊಟ್ಟಿರಲಿಲ್ಲ.

ಬುಧವಾರ ಹೋದಾಗ ನರ್ಸಮ್ಮನ ಬಾಗಿಲ ಚಿಲಕದಲ್ಲಿ ಹೊಸ ಬೀಗ ನೇತಾಡುತ್ತಿತ್ತು. ಕಿಟಕಿಯ ಪಕ್ಕದ ಮಂಚದಲ್ಲಿ ಅಜ್ಜಿ ಕೈಕಟ್ಟಿ ಕೂತಿದ್ದರು, ಪರೀಕ್ಷೆಗೆ ಬಂದವರ ಹಾಗೆ. ಟೇಲರಮ್ಮ ಅವರ ಮಡಿಲಿಗೆ ಗೊಂಬೆ ಇಟ್ಟಳು. ಅಜ್ಜಿ ಅದನ್ನು ಮಲಗಿಸಿದರು.

ಟಕ್. ಟಕ್.

"ಬಂದ್ಯಾ?" ಅಂದರು ಅಜ್ಜಿ. ಬೆರಳು ಗೊಂಬೆಯ ಕೆನ್ನೆ ಸವರಿತು. "ಎಲ್ಲಿಗೆ ಹೋಗಿದ್ದೆ? ಇವಳೇ ಕಣೇ, ಇವಳೇ ನನ್ನವಳು."

ನರ್ಸಮ್ಮ ಅವರ ತಲೆಯ ಮೇಲಿಂದ ಟೇಲರಮ್ಮನನ್ನು ನೋಡಿ ನಿಟ್ಟುಸಿರು ಬಿಟ್ಟಳು. "ನೋಡಿದ್ರಾ? ಮೊನ್ನೆ ಅಲ್ಲ, ಇವತ್ತು ಹೌದು. ಗಳಿಗೆಗೊಂದು." ಮೇಜಿನ ಮೇಲಿದ್ದ ನೋಟುಬುಕ್ಕು ಬಿಚ್ಚಿ ಬರೆಯತೊಡಗಿದಳು.

ಟೇಲರಮ್ಮನಿಗೆ ಆಗ ಹೊಳೆಯಿತು: ಗುಟ್ಟಾಗಿ ಸರಿ ಮಾಡಿದ್ದು ಅಜ್ಜಿಯನ್ನು ಇನ್ನೂ ಆಳಕ್ಕೆ ತಳ್ಳಿತ್ತು.

"ಬರೀಬೇಡಿ ನರ್ಸಮ್ಮ. ಅಮ್ಮ ಮೊನ್ನೆ ಹೇಳಿದ್ದೂ ನಿಜ, ಇವತ್ತಿನದೂ ನಿಜ. ತಲೆ ಬದಲಾಯಿಸಿದ್ದು ನಾನು."

"ಒಡೆದುಹೋಗಿತ್ತಾ? ಅಯ್ಯೋ, ಒಂದು ಮಾತು ಹೇಳಬಾರದಿತ್ತಾ ಅಕ್ಕಾ!"

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಲಿಗೆ ತುದಿಗೆ ಬಂದೂ ಇತ್ತು.

"ಒಡೆದಿರಲಿಲ್ಲ. ನನಗೆ ಬೇಕಾಗಿತ್ತು. ಇಟ್ಕೊಂಡೆ."

ನರ್ಸಮ್ಮನ ಪೆನ್ನು ನಿಂತಿತು. ಅಜ್ಜಿ ಗೊಂಬೆಯನ್ನು ಎದೆಗೆ ಎಳೆದುಕೊಂಡು ಟೇಲರಮ್ಮನ ದನಿಯ ಕಡೆ ತಿರುಗಿದರು.

"ಎಷ್ಟು ದಿನ ಆಯ್ತು?"

"ಹನ್ನೆರಡು."

"ಹನ್ನೆರಡು ದಿನ ಈ ಮಗಳ ಕೈಯನ್ನ ಮುಟ್ಟಿ ಮುಟ್ಟಿ ನೋಡಿದೀನಿ, ಇವಳಾದರೂ ನನ್ನವಳೇನಾ ಅಂತ."

"ಅಮ್ಮಾ, ನನ್ನ ಬೀರುವಿನಲ್ಲಿ ನಿಮಗೆ ಯಾವುದು ಬೇಕೋ..."

"ನನಗ್ಯಾಕೆ? ಅಂಗಡಿ ಇಡ್ಲಾ ಈ ವಯಸ್ಸಲ್ಲಿ?"

ಟೇಲರಮ್ಮ ಎದ್ದಳು.

"ಎಲ್ಲಿಗೆ? ನನ್ನ ಮಗ ಬರೋ ಹೊತ್ತು. ನಾನು ಹೇಳಿದ್ರೆ ಅದೂ ಆ ಪುಸ್ತಕಕ್ಕೆ ಹೋಗುತ್ತೆ. ಕೂತಿರು."

ಕೂತಳು. ಒಂದು ಗಂಟೆ ಕಾಯಬೇಕಾಯಿತು. ನರ್ಸಮ್ಮ ಒಂದು ಲೋಟ ನೀರೂ ಕೊಡಲಿಲ್ಲ, ಟೇಲರಮ್ಮ ಕೇಳಲೂ ಇಲ್ಲ. ಮಗ ಬಂದ, ಕಂಕುಳಲ್ಲಿ ಫೈಲು. ಟೇಲರಮ್ಮ ಗಡಬಡಿಸಿ ಎದ್ದು ನಿಂತಳು.

"ಕೂತ್ಕೊಂಡೇ ಹೇಳು," ಅಂದರು ಅಜ್ಜಿ. "ನಿಂತವರಿಗೆ ಬಾಗಿಲು ಹತ್ತಿರ."

ಅವಳು ಹೇಳಿದಳು. ಅವನು ನಕ್ಕ. "ನಮ್ಮಮ್ಮನ್ನ ಉಳಿಸೋಕೆ ಹೀಗೆ ಹೇಳ್ತಿದೀರಿ. ನಿಮ್ಮ ಕರುಣೆ ದೊಡ್ಡದು."

"ಕರುಣೆ ಇದ್ದಿದ್ರೆ ಹನ್ನೆರಡು ದಿನ ಆಗ್ತಿರಲಿಲ್ಲಪ್ಪ."

ಅವನು ತಂಗಿಯ ಮುಖ ನೋಡಿದ. ಅವಳು ತಲೆ ತಗ್ಗಿಸಿದಳು. ಫೈಲನ್ನು ನೆಲಕ್ಕಿಟ್ಟು ಸ್ಟೂಲು ಎಳೆದುಕೊಂಡ. "ಮೊದಲಿಂದ ಹೇಳಿ."

ಟೇಲರಮ್ಮ ಮೊದಲಿಂದ ಹೇಳತೊಡಗಿದಳು. ಈ ಸಲ ಕಾಣದ ಕಣ್ಣಿನ ಬಗ್ಗೆ ತಾನು ಅಂದುಕೊಂಡಿದ್ದ ಆ ಮಾತನ್ನೂ, ಅಜ್ಜಿಗೆ ಕೇಳುವ ಹಾಗೆ, ಬಿಡದೆ ಹೇಳಿದಳು.