ಗಂಟಲು ಮಾವನ ಫ್ಲಾಸ್ಕು

ಇದು ನಡೆದ ಕಥೆ. ಉಪ್ಪು ಖಾರ ಸೇರಿಸಿಲ್ಲ. ಸಕ್ಕರೆಯನ್ನು ಮಾತ್ರ ಸ್ವಲ್ಪ ಒಡೆದದ್ದುಂಟು, ಯಾಕೆಂದು ಮುಂದೆ ಗೊತ್ತಾಗುತ್ತದೆ. ನಂಬಿಕೆ ಬಾರದವರು ಗಂಟಲು ಮಾವನ ಹೊಟ್ಟೆಯನ್ನೇ ಕೇಳಬಹುದು. ಕೇಳಿದರೆ ಅದು ಉತ್ತರ ಕೊಡುತ್ತದೆ. ಕೇಳದಿದ್ದರೂ ಕೊಡುತ್ತದೆ. ತೊಂದರೆ ಶುರುವಾಗಿದ್ದೇ ಅಲ್ಲಿಂದ.

ಮಾವನ ಕೆಲಸ ಕಥೆ ಪುಸ್ತಕಗಳನ್ನು ಮೈಕಿನ ಮುಂದೆ ಓದುವುದು. ರಾಜ, ರಾಣಿ, ಕಳ್ಳ, ಕಪ್ಪೆ, ಮೂಗಿನಲ್ಲಿ ಮಾತಾಡುವ ಮಂತ್ರಿ, ಎಲ್ಲರೂ ಒಂದೇ ಗಂಟಲಲ್ಲಿ ಬಾಡಿಗೆಗಿದ್ದರು. ಸ್ಟುಡಿಯೋದ ಗಾಜಿನ ಈಚೆ ಕೂತು ಅದನ್ನು ಧ್ವನಿಮುದ್ರಿಸಿಕೊಳ್ಳುತ್ತಿದ್ದವಳು ಅವನ ಅಕ್ಕನ ಮಗಳು. ಪಕ್ಕದ ಬೀದಿಯಲ್ಲಿ ಯಾರಾದರೂ ಬಟಾಣಿ ಸುಲಿದರೂ ಇವಳಿಗೆ ಕೇಳಿಸುತ್ತದೆ ಅಂತ ಸ್ಟುಡಿಯೋದವರು ಅವಳಿಗೆ ಕಿವಿಯಮ್ಮ ಎಂದು ಹೆಸರಿಟ್ಟಿದ್ದರು. ಅಂಥ ಕಿವಿಗೆ ಇಂಥ ಮಾವ.

ಆವತ್ತು ಮಕ್ಕಳ ಪುಸ್ತಕವೊಂದರ ಮುಖ್ಯ ಭಾಗ. ರಾಣಿಯೊಬ್ಬಳು ಕರಡಿಯ ಗುಹೆಗೆ ಕಾಲಿಡುವ ಸನ್ನಿವೇಶ. ಮಾವ ಮೈಕಿಗೆ ಬಾಗಿ, ಧ್ವನಿ ತಗ್ಗಿಸಿ, ಕೇಳುವವರ ರೋಮ ಎದ್ದು ನಿಲ್ಲುವ ಹಾಗೆ ಓದಿದ.

"ರಾಣಿ ಮೆಲ್ಲಗೆ ಒಳಗೆ ಹೆಜ್ಜೆ ಇಟ್ಟಳು. ಒಳಗೆ ನಿಶ್ಶಬ್ದ."

ಗುರ್ರ್ರ್... ಗೊಳಕ್, ಅಂದಿತು ಹೊಟ್ಟೆ.

ಕಿವಿಯಮ್ಮ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು.

"ಮಾವ, ಮತ್ತೆ."

"ಏನು ಮತ್ತೆ? ಚೆನ್ನಾಗೇ ಬಂತಲ್ಲ!"

"ನಿಶ್ಶಬ್ದ ಅಂದ ತಕ್ಷಣ ನಿಮ್ಮ ಹೊಟ್ಟೆ ಇಲ್ಲ ಅಂತು."

"ನನ್ನ ಹೊಟ್ಟೆಯಾ? ಕುರ್ಚಿ ಕಣೇ ಅದು. ಎಷ್ಟು ಸಲ ಹೇಳ್ಬೇಕು ನಿಂಗೆ?"

ಎಷ್ಟು ಸಲ ಹೇಳಿದ್ದನೋ ಅಷ್ಟು ಸಲವೂ ಅವಳು ಕುರ್ಚಿ ಬದಲಾಯಿಸಿದ್ದಳು. ಮರದ್ದು, ಕಬ್ಬಿಣದ್ದು, ಮೆತ್ತೆಯದ್ದು. ಗುರುಗುಟ್ಟುವಿಕೆ ಮಾತ್ರ ನಿಷ್ಠೆಯಿಂದ ಪ್ರತಿ ಕುರ್ಚಿಗೂ ವರ್ಗವಾಗಿ ಬರುತ್ತಿತ್ತು. ಆಮೇಲೆ ಮಾವ ಗೋಡೆಯೊಳಗಿನ ನೀರಿನ ಪೈಪನ್ನು ಬೈದ. ಪೈಪಿನವನು ಬಂದು ಗೋಡೆಗೆ ಕಿವಿಯಿಟ್ಟು, ಇದರಲ್ಲಿ ನೀರೇ ಬರ್ತಿಲ್ಲವಲ್ಲ ಅಂದು ಹೋದ. ಆಮೇಲೆ ಏಸಿಯ ಸರದಿ. ಏಸಿ ಆರಿಸಿದರು. ಮುಚ್ಚಿದ ಕೋಣೆಯಲ್ಲಿ ಇಬ್ಬರೂ ಬೆವರಿ ತೊಪ್ಪೆಯಾದರು. ಬೆವರದೆ ತಣ್ಣಗೆ ಮಾತಾಡಿದ್ದು ಹೊಟ್ಟೆಯೊಂದೇ. ಅದಕ್ಕೆ ಸಮಯಪ್ರಜ್ಞೆಯೂ ವಿಪರೀತ. ಕಳ್ಳ ಓಡುವಾಗ, ಯುದ್ಧ ನಡೆಯುವಾಗ ತೆಪ್ಪಗಿದ್ದು, ರಾಣಿ ನಿಟ್ಟುಸಿರು ಬಿಡುವಾಗಲೇ ಸಂಭಾಷಣೆಗೆ ಇಳಿಯುತ್ತಿತ್ತು. ಕಿವಿಯಮ್ಮ ಒಂದೊಂದನ್ನೂ ಕತ್ತರಿಸಿ ತೆಗೆದು ಕಂಪ್ಯೂಟರಿನ ಒಂದು ಮೂಲೆಗೆ ಎಸೆಯುತ್ತಿದ್ದಳು. ಶಬ್ದವನ್ನು ಬಿಸಾಡಬಾರದು ಎಂಬುದು ಅವಳ ಕಸುಬಿನವರ ಚಾಳಿ.

ಕಾರಣ ಅವಳ ಕಣ್ಣೆದುರಿಗೇ ಇತ್ತು. ಮಾವನ ಕಾಲ ಬಳಿ, ಡೊಳ್ಳು ಹೊಟ್ಟೆಯ ಸ್ಟೀಲ್ ಫ್ಲಾಸ್ಕು. ಅದರ ತುಂಬ ಬಿಸಿ ಹಾಲು. ಒಂದು ಪುಟ, ಒಂದು ಗುಟುಕು.

"ಹಾಲು ಗಂಟಲಿಗೆ ಎಣ್ಣೆ ಇದ್ದ ಹಾಗೆ," ಅನ್ನುತ್ತಿದ್ದ ಮಾವ. "ನನ್ನ ದನಿ ಇಷ್ಟು ನುಣುಪಾಗಿರೋದು ಯಾತಕ್ಕೆ ಅಂದ್ಕೊಂಡಿದೀಯ?"

ಪುಸ್ತಕದ ಪ್ರಕಾಶಕಿ ಕೇಳಲು ಬಂದದ್ದು ಅದೇ ವಾರ. ನೇರ ಮಾತು, ಮೂಗಿನ ತುದಿಯಲ್ಲಿ ಕನ್ನಡಕ. ಮುಗಿದಷ್ಟನ್ನು ಕೇಳಿದಳು. ಮೊದಲು ಕರಡಿಗೆ ಕೈ ಹಾಕಿದಳು. ಕಥೆಯಲ್ಲಿ ಕರಡಿಗೆ ಮಾತಿಲ್ಲ, ಬರೀ ಗುರುಗುಟ್ಟುತ್ತದೆ. ಕಿವಿಯಮ್ಮ ಎಲ್ಲೆಲ್ಲಿಂದಲೋ ತರಿಸಿದ್ದ ಕರಡಿಗಳನ್ನೆಲ್ಲ ಹಾಕಿ ಕೇಳಿಸಿದಳು.

"ಇದು ಹುಲಿ," ಅಂದಳು ಪ್ರಕಾಶಕಿ. "ಇದು ಬೈಕು. ಇದಕ್ಕೆ ಮಕ್ಕಳು ಹೆದರಿ ಹಾಸಿಗೆ ಒದ್ದೆ ಮಾಡ್ಕೊಳ್ತಾರೆ. ನಂಗೆ ಬೇಕಾಗಿರೋದು ಹಸಿದ ಕರಡಿ ಕಣಮ್ಮ. ಪಾಪ ಅನ್ನಿಸ್ಬೇಕು, ನಗುನೂ ಬರ್ಬೇಕು."

ಆಮೇಲೆ ಮಾವನತ್ತ ತಿರುಗಿದಳು. "ಸರ್, ನಿಮ್ಮ ದನಿಗೆ ಎರಡು ಮಾತಿಲ್ಲ. ಆದ್ರೆ ಪ್ರತಿ ಪುಟಕ್ಕೂ ಹೀಗೆ ಹತ್ತು ಸಲ ಓದ್ತಾ ಕೂತ್ರೆ ಪುಸ್ತಕ ಹೊರಗೆ ಬರೋದು ಯಾವಾಗ? ಉಳಿದ ಅಧ್ಯಾಯಗಳೂ ಹೀಗೇ ಆದ್ರೆ ಬೇರೆ ಯಾರ ಹತ್ರನಾದ್ರೂ ಓದಿಸ್ತೀನಿ. ಬೇಜಾರು ಮಾಡ್ಕೋಬೇಡಿ."

ಅವಳು ಹೋದ ಮೇಲೆ ಮಾವ ತನ್ನ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ "ಬೇಜಾರು ಮಾಡ್ಕೋಬೇಡೀ" ಅಂತ ಅವಳ ಹಾಗೇ ಆಡಿ ತೋರಿಸಿದ. ಮೂಗು, ಕತ್ತು, ಎಲ್ಲ ಅವಳದೇ. ಕಿವಿಯಮ್ಮನಿಗೆ ನಗು ಬಂತು. ಆದರೆ ಆಟ ಮುಗಿದ ಮೇಲೆ ಅವನು ಕನ್ನಡಕವನ್ನು ಒರೆಸುತ್ತಲೇ ಇದ್ದ, ಹಾಕಿಕೊಳ್ಳಲಿಲ್ಲ. ನಾಟಕದವರು ಕರೆಯುವುದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು. ಅವನಿಗೆ ಉಳಿದಿದ್ದುದು ಈ ಮೈಕೊಂದೇ. ಈ ಪುಸ್ತಕ ಕೈತಪ್ಪಿದರೆ ಊರಲ್ಲಿ ಇನ್ನೊಬ್ಬ ಪ್ರಕಾಶಕ ಕರೆಯುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

ಆ ಹೆದರಿಕೆ ಇದ್ದಾಗಲೇ ಅವಳು ಅವನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಪರೀಕ್ಷೆ ಗಿರೀಕ್ಷೆ ಮುಗಿಸಿ ಡಾಕ್ಟರು ಸಮಾಧಾನವಾಗಿ ಹೇಳಿದರು.

"ಭಯ ಪಡೋ ಅಂಥದ್ದೇನಿಲ್ಲ. ಹಾಲಲ್ಲಿ ಲ್ಯಾಕ್ಟೋಸ್ ಅಂತ ಒಂದು ಸಕ್ಕರೆ ಇರುತ್ತೆ. ಅದನ್ನ ಒಡೆಯೋ ಕಿಣ್ವ ಎಷ್ಟೋ ಜನಕ್ಕೆ ದೊಡ್ಡವರಾಗ್ತಾ ಕಡಿಮೆ ಆಗುತ್ತೆ. ಒಡೆಯದೆ ಉಳಿದದ್ದು ಕರುಳಿಗೆ ಇಳಿದು ಹುದುಗುತ್ತೆ. ಗಾಳಿ, ಉಬ್ಬರ, ಗುಡುಗುಡು, ಎಲ್ಲ ಅದರದ್ದೇ."

"ಹಾಗಾದ್ರೆ ಹಾಲೇ ನನ್ನ ಹಾಳು ಮಾಡ್ತಿದೆ ಅಂತೀರಾ?"

"ಹಾಲು ಕೆಟ್ಟದ್ದಲ್ಲ ಸ್ವಾಮಿ, ನಿಮಗೆ ಒಗ್ತಿಲ್ಲ ಅಷ್ಟೆ. ಬಿಡೋದೂ ಬೇಡ. ಲ್ಯಾಕ್ಟೋಸ್ ಇಲ್ಲದ ಹಾಲು ಸಿಗುತ್ತೆ. ಅದೂ ಹಸುವಿನ ಹಾಲೇ. ಆ ಸಕ್ಕರೆನ ಅವರೇ ಮೊದಲೇ ಒಡೆದಿರ್ತಾರೆ. ಮೂಳೆಗೆ ಬೇಕಾದ ಸುಣ್ಣದಂಶ, ಪ್ರೋಟೀನು, ಎಲ್ಲ ಹಾಗೇ ಇರುತ್ತೆ. ಮೊಸರು ಎಷ್ಟೋ ಜನಕ್ಕೆ ತೊಂದರೆ ಕೊಡಲ್ಲ, ಸ್ವಲ್ಪ ತಿಂದು ನೋಡಿ."

ಮಾವ ಎದ್ದು ನಿಂತ. "ಯಾರೋ ಮೊದಲೇ ಅಗಿದು ಕೊಟ್ಟ ಹಾಲು ಕುಡಿಯೋ ಕರ್ಮ ನಂಗಿನ್ನೂ ಬಂದಿಲ್ಲ."

ದಾರಿಯುದ್ದಕ್ಕೂ ಡಾಕ್ಟರ ದನಿಯಲ್ಲೇ "ಗಾಳಿ, ಉಬ್ಬರ, ಗುಡುಗುಡು" ಅಂತ ಹಾಡುತ್ತ ಬಂದ. ಬಸ್ಸಿನಲ್ಲಿ ಮುಂದಿನ ಸೀಟಿನವರು ತಿರುಗಿ ನೋಡಿದರು. ಕಿವಿಯಮ್ಮ ಕಿಟಕಿಯ ಗಾಜಿಗೆ ಹಣೆ ಕುಟ್ಟಿಕೊಂಡಳು. ಆದರೂ ಪ್ರಕಾಶಕಿಯ ಮಾತು ನೆನಪಾಗಿ, ಮನೆ ಬಾಗಿಲಲ್ಲಿ ಮಾವ ಕೈಮೇಲೆ ಕೈಯಿಟ್ಟು ಹಾಲು ಬಿಡುತ್ತೇನೆ ಅಂದ. ಬಿಟ್ಟ. ಮಾರನೆಯ ದಿನ ಫ್ಲಾಸ್ಕಿನಲ್ಲಿ ಕಾಫಿ ಬಂತು, ಹಸುವಿಗೇ ಗುರುತು ಸಿಗುವಷ್ಟು ಬೆಳ್ಳಗೆ.

"ಇದೇನು ಮಾವ?"

"ಕಾಫಿ."

"ಇದರಲ್ಲಿ ಕಾಫಿ ಎಲ್ಲಿದೆ?"

"ಇದೆ. ಹುಡುಕಿದ್ರೆ ಸಿಗುತ್ತೆ."

ಹೊಟ್ಟೆ ಗೊಳಕ್ ಅಂತ ಅವಳ ಪರ ವಹಿಸಿತು. ಕುರ್ಚಿ, ಅಂದ ಮಾವ.

ಕಿವಿಯಮ್ಮ ನೇರ ಮಾವನ ಮನೆಗೆ, ಅತ್ತೆಯ ಅಡುಗೆಮನೆಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು. "ಅತ್ತೆ, ನನ್ನಿಂದಾಗಲ್ಲ. ಒಂದೋ ಆ ಫ್ಲಾಸ್ಕ್ ಇರ್ಬೇಕು, ಇಲ್ಲಾ ನಾನಿರ್ಬೇಕು."

"ನೀನು ಗಾಜಿನ ಆಚೆ ಕೂತು ಕೇಳ್ತೀಯ," ಅಂದಳು ಅತ್ತೆ, ಪಾತ್ರೆ ತೊಳೆಯುತ್ತಲೇ. "ನಾನು ಪಕ್ಕದ ದಿಂಬಿನಲ್ಲಿ ಕೇಳ್ತೀನಿ. ಯಾರ ಕಷ್ಟ ಜಾಸ್ತಿ?"

"ಹೇಳಿದ್ರೆ ಕೇಳಲ್ವಲ್ಲ!"

"ಹೇಳೋದು ಯಾಕೆ?" ಅತ್ತೆ ಕೈ ಒರೆಸಿಕೊಂಡಳು. "ಫ್ಲಾಸ್ಕ್ ತುಂಬೋಳು ನಾನು ತಾನೇ? ಆ ಒಡೆದ ಸಕ್ಕರೆ ಹಾಲು ಎಲ್ಲಿ ಸಿಗುತ್ತೆ, ತಗೊಂಡು ಬಾ. ಹಾಲಿಗೆ ಹಾಲೇ. ಕುಡೀಲಿ."

ಒಂದೇ ಎಡವಟ್ಟು ಅಂದರೆ ಆ ಹಾಲು ಮಾಮೂಲಿಗಿಂತ ಸಿಹಿ. ಒಡೆದ ಸಕ್ಕರೆ ನಾಲಿಗೆಗೆ ಹೆಚ್ಚು ತಾಕುತ್ತದಂತೆ. ಮೊದಲ ದಿನವೇ ಮಾವ ಲೋಟ ಕೆಳಗಿಟ್ಟು ಹುಬ್ಬೇರಿಸಿದ.

"ಏನೇ ಇದು, ಇವತ್ತು ಸಿಹಿ ಜಾಸ್ತಿ?"

"ಪ್ರೀತಿ ಜಾಸ್ತಿ ಆಗಿದೆ," ಅಂದಳು ಅತ್ತೆ, ಮುಖದ ಒಂದು ಗೆರೆಯೂ ಅಲ್ಲಾಡದೆ.

ಇಷ್ಟು ವರ್ಷದ ಮೇಲೆ ಅಂಥ ಮಾತು ಕೇಳಿದ ಮಾವ ಲೋಟ ಪೂರ್ತಿ ಖಾಲಿ ಮಾಡಿದ. ಮರುದಿನದಿಂದ ಅತ್ತೆ ಲೋಟಕ್ಕೆ ಹಾಕುತ್ತಿದ್ದ ಚಮಚ ಸಕ್ಕರೆಯನ್ನು ನಿಲ್ಲಿಸಿದಳು. ಲೆಕ್ಕ ಸರಿಹೋಯಿತು.

ಹೊಟ್ಟೆಯೂ ಸರಿಹೋಯಿತು. ಮೆಲ್ಲಮೆಲ್ಲಗೆ ಮಾತು ಕಡಿಮೆ ಮಾಡಿ, ಒಂದು ದಿನ ಪೂರ್ತಿ ಮೌನಕ್ಕೆ ಶರಣಾಯಿತು. ರಾಣಿ ಗುಹೆ ಹೊಕ್ಕಳು. ಒಳಗೆ ನಿಜವಾಗಿ ನಿಶ್ಶಬ್ದ. ಕಿವಿಯಮ್ಮನಿಗೆ ಹೆಡ್‌ಫೋನಿನಲ್ಲಿ ತನ್ನ ಉಸಿರೇ ದೊಡ್ಡದಾಗಿ ಕೇಳಿತು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಆದರೆ ನೆಮ್ಮದಿ ಅವಳ ಹಣೆಯಲ್ಲಿ ಬರೆದಿರಲಿಲ್ಲ. ಮಾವ ಅದೇ ವಾರ ಮನೆಯಿಂದ ಒಂದು ಹಳೆಯ ದಿಂಬು ತಂದು ಕುರ್ಚಿಗೆ ಹಾಕಿಕೊಂಡಿದ್ದ.

"ನೋಡಿದ್ಯಾ?" ಅಂದ, ದಿಂಬನ್ನು ತಟ್ಟುತ್ತ. "ಕುರ್ಚಿ ಅಂದ್ರೆ ನಂಬಲಿಲ್ಲ ನೀನು. ದಿಂಬು ಬಂತು, ಶಬ್ದ ಹೋಯ್ತು. ಹಾಲು ದಿನಾ ಕುಡೀತಾನೇ ಇದೀನಿ. ಕಾಫಿ ನಾಟಕಾನೂ ಬಿಟ್ಟೆ. ನಿನ್ನ ಡಾಕ್ಟರಿಗೆ ಹೇಳು, ಗುಡುಗುಡುಗೆ ಔಷಧಿ ಹತ್ತಿ ಅಂತ."

ಕಿವಿಯಮ್ಮ ತುಟಿ ಕಚ್ಚಿಕೊಂಡಳು. ಬಾಯಿ ಬಿಟ್ಟರೆ ಹಟಕ್ಕೆ ಬಿದ್ದು ಹಳೆಯ ಹಾಲಿಗೇ ಮರಳುವ ಮನುಷ್ಯ, ಪುಸ್ತಕ ಮುಗಿಯುವ ತನಕ ತುಟಿ ಪಿಟ್ಟೆನ್ನಬೇಡ ಅಂತ ಅತ್ತೆಯ ಅಪ್ಪಣೆಯಾಗಿತ್ತು. ಆದರೆ ಸುಮ್ಮನಿರುವುದು ಎಂದರೆ ದಿಂಬಿನ ಮಹಿಮೆ ಕೇಳುವುದು. ಮಾವ ಅದನ್ನು ಕಾವಲುಗಾರನಿಗೆ ಹೇಳಿದ, ಪಕ್ಕದ ಕೋಣೆಯ ಸುದ್ದಿ ಓದುವವಳಿಗೆ ಹೇಳಿದ, ಫೋನಿನಲ್ಲಿ ಪ್ರಕಾಶಕಿಗೂ ಹೇಳಿದ. ಸುದ್ದಿ ಓದುವವಳು ಮಾರನೆಯ ದಿನ ತಾನೂ ಒಂದು ದಿಂಬು ತಂದಳು. ಹೊಟ್ಟೆ ಗುರುಗುಟ್ಟುತ್ತಿದ್ದ ದಿನಗಳಿಗಿಂತ ಕಿವಿಯಮ್ಮನಿಗೆ ಈಗಲೇ ತಲೆ ಹೆಚ್ಚು ಸಿಡಿಯತೊಡಗಿತು. ಹೊಟ್ಟೆಯ ಸದ್ದನ್ನು ಕತ್ತರಿಸಬಹುದಿತ್ತು. ಜಂಬಕ್ಕೆ ಕತ್ತರಿ ಎಲ್ಲಿ ತರುವುದು?

ಕೊನೆಯ ಅಧ್ಯಾಯ ಮುಗಿಯಿತು. ಉಳಿದಿದ್ದು ಕರಡಿ ಮಾತ್ರ. ಹಲ್ಲು ಕಡಿಯುತ್ತ ಕಂಪ್ಯೂಟರಿನ ಮೂಲೆ ಮೂಲೆ ತಡಕಾಡುತ್ತಿದ್ದ ಅವಳಿಗೆ, ತಾನು ಕತ್ತರಿಸಿ ಎಸೆದಿದ್ದ ಗುರುಗುರುಗಳ ರಾಶಿ ಸಿಕ್ಕಿತು. ಒಂದನ್ನು ಕೇಳಿದಳು. ನಿಧಾನ ಮಾಡಿ ಕೇಳಿದಳು. ಗುಹೆಯ ಪ್ರತಿಧ್ವನಿ ಸೇರಿಸಿ ಮತ್ತೊಮ್ಮೆ ಕೇಳಿದಳು. ಆಮೇಲೆ ಅವಳ ಮುಖದ ಮೇಲೆ, ಬಹಳ ದಿನಗಳ ನಂತರ, ಒಂದು ಪೋಕರಿ ನಗು ಹರಡಿತು.

ಪ್ರಕಾಶಕಿ ಬಂದ ದಿನ ಕಿವಿಯಮ್ಮ ಅತ್ತೆಯನ್ನೂ ಕರೆಸಿದಳು. ಮಾವ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದ. ಮೈಕುಗಳೆಲ್ಲ ಚಾಲೂ ಇದ್ದವು, ಆರಿಸಲು ಯಾರಿಗೂ ನೆನಪಾಗಲಿಲ್ಲ. ಧ್ವನಿ ಶುರುವಾಯಿತು. ರಾಣಿ ಮೆಲ್ಲಗೆ ಒಳಗೆ ಹೆಜ್ಜೆ ಇಟ್ಟಳು. ಒಳಗೆ ನಿಶ್ಶಬ್ದ. ಆಮೇಲೆ ಕತ್ತಲಿನ ಆಳದಿಂದ, ಉದ್ದಕ್ಕೆ, ದೀನವಾಗಿ, ಹೊಟ್ಟೆಗಿಲ್ಲದ ಒಂದು ದೊಡ್ಡ ಪ್ರಾಣಿಯ ಗುರುಗುಟ್ಟುವಿಕೆ. ತುದಿಯಲ್ಲೊಂದು ಗೊಳಕ್.

ಪ್ರಕಾಶಕಿ ಕನ್ನಡಕ ತೆಗೆದಳು. "ಇದೇ! ಇದೇ ನನ್ನ ಕರಡಿ!"

"ಅಬ್ಬಾ!" ಮಾವ ಕುರ್ಚಿಯಿಂದ ಎದ್ದೇಬಿಟ್ಟ. "ಯಾವ ಕಾಡಲ್ಲಿ ಹಿಡಿದೆ ಪುಟ್ಟಿ ಇದನ್ನ? ಉಸಿರಿನ ಹಿಡಿತ ನೋಡು! ಎಲ್ಲಿ ನಿಲ್ಲಿಸ್ಬೇಕು, ಎಲ್ಲಿ ಎಳೀಬೇಕು, ಗೊತ್ತು ಅದಕ್ಕೆ. ಇಂಥ ಕಲಾವಿದನ ಎದುರು ನಾವೆಲ್ಲ ಏನು?"

"ಕರಡಿನ ನೋಡ್ಬೇಕಾ ಮಾವ?"

"ಇಲ್ಲೇ ಇದೆಯಾ?"

ಅವಳು ಪ್ರತಿಧ್ವನಿ ತೆಗೆದಳು, ವೇಗ ಸರಿಮಾಡಿದಳು, ಮೂಲವನ್ನೇ ಹಾಕಿದಳು. "ಒಳಗೆ ನಿಶ್ಶಬ್ದ." ಗುರ್ರ್ರ್... ಗೊಳಕ್. "ಏನು ಮತ್ತೆ? ಚೆನ್ನಾಗೇ ಬಂತಲ್ಲ!"

ಅತ್ತೆ ಚೀಲಕ್ಕೆ ಕೈಹಾಕಿ ಹಾಲಿನ ಖಾಲಿ ಡಬ್ಬಿಯೊಂದನ್ನು ತೆಗೆದು, ಲ್ಯಾಕ್ಟೋಸ್ ಇಲ್ಲದ ಹಾಲು ಎಂದು ಬರೆದಿದ್ದ ಮುಖ ಅವನ ಕಡೆಗೆ ಬರುವಂತೆ ಫ್ಲಾಸ್ಕಿನ ಪಕ್ಕ ಇಟ್ಟಳು.

ಅವನು ಡಬ್ಬಿ ನೋಡಿದ. ಫ್ಲಾಸ್ಕು ನೋಡಿದ. ಕಂಕುಳಲ್ಲಿದ್ದ ದಿಂಬು ನೋಡಿದ. ಕಿವಿಯಮ್ಮ ಗಡಿಬಿಡಿಯಲ್ಲಿ ಧ್ವನಿ ನಿಲ್ಲಿಸಿದಳು. ಪ್ರಕಾಶಕಿಯ ಎದುರಿಗೇ ಹೀಗೆ ಮಾಡಬಾರದಿತ್ತೇನೋ.

"ಅಂದ್ರೆ," ಅಂದ ಮಾವ ಅತ್ತೆಗೆ, ಸಣ್ಣ ದನಿಯಲ್ಲಿ, "ಆ ಪ್ರೀತಿ ಜಾಸ್ತಿ ಆಗಿದ್ದು...?"

"ಅಂಗಡಿಯಿಂದ ಬರ್ತಿತ್ತು," ಅಂದಳು ಅತ್ತೆ.

ಮೊದಲು ದಿಂಬು ಅಲುಗಿತು. ಆಮೇಲೆ ಹೆಗಲು. ಆಮೇಲೆ ರಾಜ, ರಾಣಿ, ಕಳ್ಳ, ಕಪ್ಪೆ, ಮಂತ್ರಿ ಎಲ್ಲರೂ ಒಟ್ಟಿಗೆ ಬಿಡುಗಡೆಯಾದ ಹಾಗೆ ಮಾವನ ನಗು ಹೊರಬಿತ್ತು. ಪ್ರಕಾಶಕಿ ನಕ್ಕಳು, ಅತ್ತೆ ಸೆರಗಿಗೆ ಬಾಯಿ ಒತ್ತಿಕೊಂಡಳು, ಅವರಿಬ್ಬರ ನಗು ಎಲ್ಲೂ ಕೇಳಿಸಲೇ ಇಲ್ಲ. ಅವನು ಮೇಜು ಬಡಿದು, ದಿಂಬನ್ನು ಸೂರಿಗೆ ಎಸೆದು, ಕಣ್ಣೊರೆಸಿಕೊಳ್ಳುತ್ತ, "ಕರಡಿ ಪಾತ್ರಕ್ಕೂ... ನನ್ನ ಹೆಸರೇ... ಹಾಕಿ ಮೇಡಂ!" ಎಂದು ಏದುಸಿರಲ್ಲಿ ಕೂಗಿ ಮತ್ತೆ ನಗತೊಡಗಿದ. ಸದ್ದಿನ ಮಟ್ಟ ತೋರಿಸುವ ಮೀಟರಿನ ಮುಳ್ಳು ಕೆಂಪು ಗೆರೆ ದಾಟಿ ತುದಿಗೆ ಹೋಗಿ ಅಂಟಿಕೊಂಡಿತು. ಜಗತ್ತಿನಲ್ಲಿ ಯಾವ ಸದ್ದು ಕೆಂಪು ದಾಟಿದರೂ ತಕ್ಷಣ ತಗ್ಗಿಸುವ ಕಿವಿಯಮ್ಮ, ಕೈ ಕಟ್ಟಿ ಕೂತು, ಅದನ್ನು ಹಾಗೇ ಬಿಟ್ಟಳು.